ಹೋಲಿಕೆಗೆಂದು ಆರಿಸಿದ ಊರು

ಚೀಟಿ ಎತ್ತಿದವರು ನಮ್ಮ ಅಧ್ಯಯನ ತಂಡದ ಮುಖ್ಯಸ್ಥರು. ಸ್ಟೀಲ್ ಡಬ್ಬಿಯೊಳಗೆ ಬಂಗಾರಪೇಟೆ ಸುತ್ತಲಿನ ಕೆಲವು ಹಳ್ಳಿಗಳ ಹೆಸರು ಬರೆದು ಹಾಕಿದ್ದೆವು. ಎಲ್ಲವೂ ಕೆಜಿಎಫ್‌ನ ಸೈನೈಡ್ ದಿಬ್ಬಗಳಿಂದ ದೂರದಲ್ಲಿದ್ದ, ದಿಬ್ಬದ ಧೂಳು ಗಾಳಿಯಲ್ಲೂ ತಲುಪದ ಊರುಗಳು. ಅವರು ಚೀಟಿ ಬಿಡಿಸಿ ಓದಿದರು. ನನ್ನ ಅಕ್ಕನನ್ನು ಮದುವೆ ಮಾಡಿಕೊಟ್ಟಿದ್ದ ಊರು ಅದು.

ನಮ್ಮ ಅಧ್ಯಯನ ಸರಳವಾಗಿತ್ತು. ಚಿನ್ನದ ಗಣಿ ಮುಚ್ಚಿದ ಮೇಲೂ ಉಳಿದಿರುವ ಆ ತ್ಯಾಜ್ಯದ ಬೂದು ದಿಬ್ಬಗಳ ಧೂಳು ಸುತ್ತಲಿನ ಹೆಂಗಸರ ಬಸಿರಿನ ಮೇಲೆ, ಗಂಡಸರ ವೀರ್ಯದ ಮೇಲೆ ಏನು ಪರಿಣಾಮ ಮಾಡುತ್ತಿದೆ ಎಂದು ನೋಡುವುದು. ಅದಕ್ಕೆ ದಿಬ್ಬದ ಬುಡದ ಉರಿಗಾಂ, ಮಾರಿಕುಪ್ಪಂ ಕಡೆಯ ಮನೆಗಳು ಒಂದು ಗುಂಪು. ಧೂಳಿಲ್ಲದ ಒಂದು ಹಳ್ಳಿ ಇನ್ನೊಂದು ಗುಂಪು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಆ ಎರಡನೆಯದನ್ನು ನಾವು ಹೋಲಿಕೆಯ ಊರು ಎನ್ನುತ್ತಿದ್ದೆವು. ಅದು ಶುದ್ಧವಾಗಿರಬೇಕು ಅನ್ನುವುದೊಂದೇ ಷರತ್ತು.

ಅಕ್ಕನಿಗೆ ಆ ಊರಿನಲ್ಲಿ ಬಸಿರು ನಿಲ್ಲಲಿಲ್ಲ. ಒಂದಾದ ಮೇಲೊಂದು ಹೋದವು. ಕೊನೆಯದು ಕೈಕಾಲು ಮೂಡಿದ ಮೇಲೆ ಹೋಯಿತು. ಆ ಮನೆಯವರು ಹಿರಿಯರನ್ನು ಕೂರಿಸಿ, ಇವಳ ಹೊಟ್ಟೆಯಲ್ಲಿ ಸತ್ವವಿಲ್ಲ ಎಂದು ತೀರ್ಮಾನ ಮಾಡಿ, ಅವಳ ಬಟ್ಟೆಬರೆ ಸಮೇತ ನಮ್ಮ ಮನೆಗೆ ಬಿಟ್ಟುಹೋದರು. "ನಂದೇನೂ ತಪ್ಪಿಲ್ಲ ಮಾವ," ಎಂದು ಭಾವ ನಮ್ಮಪ್ಪನಿಗೆ ಹೇಳಿದ. "ಇನ್ನೊಂದ್ ಮದ್ವೆ ಆದ್ರೆ ನಿಮ್ಗೇ ಗೊತ್ತಾಯ್ತದೆ." ಆಗ ನಾನು ಬಂಗಾರಪೇಟೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಈ ವಿಷಯವನ್ನೇ ಏಕೆ ಆರಿಸಿಕೊಂಡೆ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಗೌರವಸ್ಥ ಉತ್ತರಗಳನ್ನು ಕೊಟ್ಟಿದ್ದೇನೆ. ನಿಜವಾದ ಉತ್ತರ ಆ ಮನುಷ್ಯ.

ಮುಖ್ಯಸ್ಥರಿಗೆ ಅಂದೇ ಎಲ್ಲವನ್ನೂ ಹೇಳಿದೆ. ಅವರು ಕರಾವಳಿ ಕಡೆಯವರು, ಪುಸ್ತಕದ ಹಾಗೆ ಮಾತಾಡುವವರು. "ಬೇರೆ ಚೀಟಿ ಎತ್ತುವುದೇ?" ಎಂದು ಕೇಳಿದರು.

"ಬೇಡ ಸರ್. ಎತ್ತಿದ ಚೀಟಿ ವಾಪಸ್ ಹಾಕಿದರೆ ಅದಕ್ಕೆ ಬೆಲೆ ಇರಲ್ಲ."

ಉತ್ತರ ಸರಿಯಾಗಿಯೇ ಇತ್ತು. ಆದರೆ ಅದು ವಿಧಾನದ ಮೇಲಿನ ಪ್ರೀತಿಯಿಂದ ಬಂದದ್ದಲ್ಲ. ಆ ಊರಿಗೆ ಕೈಯಲ್ಲಿ ಉಪಕರಣ ಹಿಡಿದು ಹೋಗುವ ಅವಕಾಶವನ್ನು ನಾನು ಯಾರಿಗೂ ಬಿಟ್ಟುಕೊಡುವವಳಾಗಿರಲಿಲ್ಲ. ಮುಖ್ಯಸ್ಥರು ಒಂದು ನಿಯಮ ಹಾಕಿದರು. ಆ ಮನೆಯವರ ರಕ್ತ, ಆ ಮನೆಯವರ ವಿಚಾರಣೆ ನನ್ನದಲ್ಲ, ಸಹೋದ್ಯೋಗಿಯೊಬ್ಬಳದು. ಎಲ್ಲ ಟ್ಯೂಬುಗಳ ಮೇಲೂ ಸಂಕೇತ ಮಾತ್ರ. ಯಾವ ಸಂಕೇತ ಯಾರದು ಎನ್ನುವುದು ಮುಖ್ಯಸ್ಥರೊಬ್ಬರಿಗೇ ಗೊತ್ತಿರುತ್ತದೆ. ಮಣ್ಣು, ಧೂಳು, ನೀರು ನನ್ನ ಪಾಲು. ಒಪ್ಪಿಕೊಂಡೆ.

ಬೇಸಿಗೆಯಲ್ಲಿ ಉರಿಗಾಂನಿಂದ ಕೆಲಸ ಶುರುವಾಯಿತು. ಅಲ್ಲಿ ಗಾಳಿ ಎದ್ದರೆ ದಿಬ್ಬದ ಪುಡಿ ಹಿಟ್ಟಿನ ಹಾಗೆ ಹಾರಿ ಬಂದು ತೊಳೆದಿಟ್ಟ ತಟ್ಟೆಗಳ ಮೇಲೆ ಕೂರುತ್ತದೆ. ರಕ್ತ ತೆಗೆಯುವ ಮುಂಚೆ ತೋಳನ್ನು ಒಂದು ಸಲ ಒರೆಸಿದರೆ ಸಾಲದು. ಚರ್ಮದ ಮೇಲಿನ ಧೂಳಿನ ಒಂದು ಕಣ ಸೂಜಿಯ ಜೊತೆ ಒಳಗೆ ಹೋದರೂ ಲೆಕ್ಕ ತಪ್ಪುತ್ತದೆ. ಸೋಪಿನಿಂದ ತೊಳೆಸಿ, ಒಣಗಿಸಿ, ಸ್ಪಿರಿಟ್ಟಿನಲ್ಲಿ ಮತ್ತೆ ಮತ್ತೆ ಒರೆಸಿ ಆಮೇಲೆ ಸೂಜಿ. ಪ್ರತಿ ಮನೆಯ ನೆಲದ ಮೇಲೂ ಒಂದು ಚೌಕಟ್ಟು ಇಟ್ಟು, ಅದರೊಳಗಿನ ಜಾಗವನ್ನಷ್ಟೇ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲಕ್ಕೆ ಹಾಕಿ ಮುಚ್ಚುವುದು. ಮನೆಯವರು ನಗುತ್ತಿದ್ದರು, ಪೂರ್ತಿ ಮನೆ ಒರೆಸಿಕೊಟ್ಟು ಹೋಗಿ ಎನ್ನುತ್ತಿದ್ದರು.

ಅಕ್ಕ ಉರಿಗಾಂನಲ್ಲೇ ಬಾಡಿಗೆಗೆ ಇದ್ದಳು, ಈಗಲೂ ಇದ್ದಾಳೆ. ಬೆಂಗಳೂರಿನ ಹಾದಿಯಲ್ಲಿರುವ ಗಾರ್ಮೆಂಟ್ಸ್ ಒಂದಕ್ಕೆ ದಿನಾ ರೈಲಿನಲ್ಲಿ ಹೋಗಿ ಬರುತ್ತಾಳೆ. ಚೀಟಿಯ ವಿಷಯ ಹೇಳಿದಾಗ ಅವಳು ಒಗ್ಗರಣೆ ಸೌಟು ಕೆಳಗಿಡಲಿಲ್ಲ.

"ಅವ್ನನ್ನೂ ಪರೀಕ್ಷೆ ಮಾಡ್ತೀರಾ?"

"ಒಪ್ಪಿಕೊಂಡರೆ ಎಲ್ಲರನ್ನೂ ಮಾಡ್ತೀವಿ. ಆದರೆ ಯಾರದ್ದು ಏನು ಅಂತ ನಿನಗೆ ಹೇಳಂಗಿಲ್ಲ."

"ಯೋಳ್ಬೇಡ," ಎಂದಳು. "ಅವ್ನ್ ಮನೆ ಕೆಟ್ರೆ ನಂಗೆ ತಾನಾಗೇ ಗೊತ್ತಾಯ್ತದೆ."

ಅಕ್ಕ ಕ್ಷಮಿಸುವ ಜಾತಿಯ ಹೆಂಗಸಲ್ಲ. ನಾನೂ ಅಲ್ಲ.

ಹೋಲಿಕೆಯ ಊರಿನಲ್ಲಿ ಶಾಲೆಯ ಜಗಲಿಯನ್ನು ನಮಗೆ ಬಿಟ್ಟುಕೊಟ್ಟಿದ್ದರು. ಮೊದಲ ದಿನವೇ ಭಾವ ಬಂದ. ಹೊಟ್ಟೆ ಬಂದಿತ್ತು, ಮೀಸೆ ಕಪ್ಪಾಗಿಯೇ ಇತ್ತು. ಹಳೇ ಬ್ಯಾಟರಿ ವ್ಯಾಪಾರದಲ್ಲಿ ಊರಿಗೆ ದೊಡ್ಡವನಾಗಿದ್ದ. ಕೆರೆಯ ಅಂಚಿನಲ್ಲಿ, ಅವನ ಮನೆಯ ಹಿಂದೆಯೇ, ತಗಡಿನ ಶೆಡ್ ಇತ್ತು. ಊರಿನ ಹಲವರಿಗೆ ಅಲ್ಲೇ ಕೂಲಿ.

"ಏನ್ ಮೇಡಂ, ದೊಡ್ಡೋರಾಗ್ಬುಟ್ರಿ," ಎಂದ. ನಾದಿನಿ ಎಂದು ಕರೆಯುತ್ತಿದ್ದ ಬಾಯಿ. "ನಮ್ಮೂರ್ನಾಗೆ ನಿಮಗೇನೂ ಸಿಗಕಿಲ್ಲ. ಒಳ್ಳೆ ಗಾಳಿ, ಒಳ್ಳೆ ನೀರು. ಅಂಗಂತಲೇ ಬರ್ಕಂಡೋಗಿ."

"ಅದಕ್ಕೇ ಬಂದಿದೀವಿ," ಎಂದೆ.

ಅವನ ಮನೆಯ ನೆಲದ ಧೂಳು ಒರೆಸುವಾಗ ಅವನ ಎರಡನೇ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನನಗಿಂತ ಚಿಕ್ಕವಳು, ಬೂದಿಕೋಟೆ ಕಡೆಯ ಹುಡುಗಿ, ಬಿಳಿಚಿಕೊಂಡಿದ್ದಳು. ಅತ್ತೆ ಹಿತ್ತಲಿಗೆ ಹೋದದ್ದನ್ನು ನೋಡಿಕೊಂಡು, "ನೀವು ಆಯಮ್ಮನ ತಂಗೀನಾ?" ಎಂದು ಕೇಳಿದಳು.

"ಹೌದು."

"ನಂಗೂ ನಿಲ್ಲಕಿಲ್ಲ ಮೇಡಂ. ಎರಡು ಓದ್ವು. ನಮ್ಮತ್ತೆ ನಿಮ್ಮಕ್ಕನ ಶಾಪ ಅಂತಾರೆ. ಆಯಮ್ಮ ನಿಜವಾಗ್ಲೂ ಶಾಪ ಆಕವ್ರಾ?"

ವಿಚಾರಣೆ ನನ್ನದಲ್ಲವೆಂಬ ನಿಯಮ ಇದ್ದುದರಿಂದ ನಾನು ಏನೂ ಕೇಳಲಿಲ್ಲ. "ಶಾಪದಿಂದ ಬಸಿರು ಹೋಗಲ್ಲಮ್ಮ," ಎಂದಷ್ಟೇ ಹೇಳಿ ಬಟ್ಟೆಯನ್ನು ಚೀಲಕ್ಕೆ ಹಾಕಿದೆ. ಆ ಗಳಿಗೆಯಲ್ಲಿ ನನಗಾದದ್ದು ಮರುಕವಲ್ಲ. ಸಿಕ್ಕಿಬಿದ್ದ, ಇನ್ನೊಂದು ಮದುವೆಯಾಗಿಯೂ ಸಿಕ್ಕಿಬಿದ್ದ ಎನ್ನುವ ಖುಷಿ. ಶೆಡ್ಡಿನ ಕಡೆಯಿಂದ ಸಿಹಿಯೂ ಸುಟ್ಟದ್ದೂ ಬೆರೆತ ಒಂದು ವಾಸನೆ ಬರುತ್ತಿತ್ತು.

ಲ್ಯಾಬಿನಲ್ಲಿ ಮೊದಲ ಕಂತಿನ ರಕ್ತದ ಅಂಕಿಗಳು ಬಂದಾಗ ಮುಖ್ಯಸ್ಥರು ಯಂತ್ರ ಕೆಟ್ಟಿದೆ ಎಂದುಕೊಂಡರು. ದಿಬ್ಬದ ಧೂಳಿನಲ್ಲಿ ನಾವು ಹುಡುಕುತ್ತಿದ್ದದ್ದು ಮುಖ್ಯವಾಗಿ ಆರ್ಸೆನಿಕ್. ಅದು ಉರಿಗಾಂ ಕಡೆ ಹೆಚ್ಚು, ಹೋಲಿಕೆಯ ಊರಿನಲ್ಲಿ ಕಡಿಮೆ, ನಾವು ಎಣಿಸಿದ ಹಾಗೇ ಇತ್ತು. ಆದರೆ ಸೀಸ ತಲೆಕೆಳಗಾಗಿತ್ತು. ದಿಬ್ಬದ ಬುಡದಲ್ಲಿ ಬದುಕುವವರಿಗಿಂತ, ಒಳ್ಳೆ ಗಾಳಿ ಒಳ್ಳೆ ನೀರಿನ ಊರಿನವರ ರಕ್ತದಲ್ಲಿ ಸೀಸ ಹೆಚ್ಚಾಗಿತ್ತು. ಖಾಲಿ ಟ್ಯೂಬುಗಳನ್ನು ಯಂತ್ರಕ್ಕೆ ಕೊಟ್ಟು ನೋಡಿದೆವು, ಟ್ಯೂಬಿನಲ್ಲಿ ಸೀಸವಿರಲಿಲ್ಲ. ಅದೇ ರಕ್ತವನ್ನು ಮತ್ತೆ ಅಳೆದೆವು. ಅಂಕಿ ಕದಲಲಿಲ್ಲ.

"ಈ ಊರು ನಮ್ಮ ಅಧ್ಯಯನವನ್ನು ಕೆಡಿಸಿತು," ಎಂದರು ಮುಖ್ಯಸ್ಥರು. "ಹೋಲಿಕೆಗೆ ಯೋಗ್ಯವಲ್ಲ. ಇದನ್ನು ಬಿಟ್ಟು ಬೇರೆ ಊರು ತೆಗೆದುಕೊಳ್ಳೋಣ."

"ಬೇರೆ ಊರು ತಗೊಳ್ಳೋಣ ಸರ್. ಇದನ್ನ ಬಿಡೋದು ಬೇಡ. ಸೀಸ ಎಲ್ಲಿಂದ ಬಂತು ಅಂತ ನನಗೆ ಹುಡುಕೋಕೆ ಬಿಡಿ."

"ಹುಡುಕು. ಆದರೆ ಮೊದಲು ಉತ್ತರ ಇಟ್ಟುಕೊಂಡು ಹುಡುಕಬೇಡ."

ಉತ್ತರ ನನಗೆ ಆಗಲೇ ಗೊತ್ತಿತ್ತು. ಅಂದು ಸಂಜೆಯೇ ಉರಿಗಾಂಗೆ ಹೋಗಿ, ಆ ಮನೆಯಲ್ಲಿದ್ದಾಗ ಏನು ಕೆಲಸ ಮಾಡುತ್ತಿದ್ದೆ ಎಂದು ಅಕ್ಕನನ್ನು ಕೇಳಿದೆ.

"ಏನ್ ಮಾಡ್ತಿದ್ದೆ, ಎಲ್ಲಾ ಮಾಡ್ತಿದ್ದೆ. ಆವಾಗ ಶೆಡ್ಡು ಇರ್ಲಿಲ್ಲ, ಮನೆ ಇತ್ಲಲ್ಲೇ ಬ್ಯಾಟ್ರಿ ಒಡೀತಿದ್ರು. ಆ್ಯಸಿಡ್ಡು ಚೆಲ್ಲಿ ಒಳಗಿನ ಪ್ಲೇಟು ಕೈಯಾಗೇ ಬಿಡಿಸ್ತಿದ್ದೆ. ಬಾಣ್ಲೀಲಿ ಆಕಿ ಕರಗಿಸ್ತಿದ್ರು. ಬೂದಿ ನಾನೇ ಬಾಚಿ ತಿಪ್ಪೆಗೆ ಆಕ್ತಿದ್ದೆ." ಅವಳು ತನ್ನ ಅಂಗೈ ನೋಡಿಕೊಂಡಳು. "ಬಸ್ರಿ ಆಗಿದ್ದಾಗ್ಲೂ."

ಬ್ಯಾಟರಿಯ ಪ್ಲೇಟು ಎಂದರೆ ಸೀಸ. ಅದು ದೇಹಕ್ಕೆ ಹೋದರೆ ಮೂಳೆಯಲ್ಲಿ ಮನೆ ಮಾಡಿಕೊಳ್ಳುತ್ತದೆ. ಬಸಿರಾದಾಗ ಮಗುವಿಗೆಂದು ಮೂಳೆಯ ಸುಣ್ಣ, ಅಂದರೆ ಕ್ಯಾಲ್ಸಿಯಂ, ಕರಗಿ ಇಳಿಯುವಾಗ ಸೀಸವೂ ಜೊತೆಗೆ ಇಳಿಯುತ್ತದೆ. ಗಂಡಸಿನಲ್ಲಿ ವೀರ್ಯಾಣುಗಳ ಸಂಖ್ಯೆಯನ್ನೂ ಚಲನೆಯನ್ನೂ ಕುಗ್ಗಿಸುತ್ತದೆ, ಉಳಿದವುಗಳ ತಲೆಯೊಳಗಿನ ಡಿಎನ್‌ಎಯನ್ನು ಮುರಿಯುತ್ತದೆ. ಇಷ್ಟು ನಮ್ಮ ವಿಜ್ಞಾನಕ್ಕೆ ಗೊತ್ತು. ಆದರೆ ಇಂಥ ಹೆಂಗಸಿನ ಇಂಥ ಬಸಿರು ಇದರಿಂದಲೇ ಹೋಯಿತು ಎಂದು ಬೆರಳಿಟ್ಟು ತೋರಿಸಲು ಅದಕ್ಕೆ ಬರುವುದಿಲ್ಲ. ಅದು ಊರಿನ ಲೆಕ್ಕ ಹೇಳುತ್ತದೆ, ಒಬ್ಬರ ಲೆಕ್ಕ ಹೇಳುವುದಿಲ್ಲ. ಸೇಡಿಗೆ ಬೇಕಾದದ್ದು ಒಬ್ಬರ ಲೆಕ್ಕ. ಆ ದಿನಗಳಲ್ಲಿ ನನ್ನ ವಿದ್ಯೆಯ ಮೇಲೆ ನನಗೆ ಬಂದಷ್ಟು ಸಿಟ್ಟು ಬೇರೆ ಯಾವತ್ತೂ ಬಂದಿಲ್ಲ.

ಮಣ್ಣಿನ ಕೆಲಸ ಶುರು ಮಾಡಿದೆ. ಊರಿನ ನಕ್ಷೆಯ ಮೇಲೆ ಚೌಕುಳಿ ಎಳೆದು, ಪ್ರತಿ ಗೆರೆ ಕೂಡುವ ಜಾಗದಲ್ಲಿ ಮೇಲ್ಮಣ್ಣು ತೆಗೆಯುವುದು. ಕೈಬಂದೂಕಿನಂಥ ಒಂದು ಉಪಕರಣವನ್ನು ನೆಲಕ್ಕೆ ಒತ್ತಿದರೆ ಲೋಹ ಎಷ್ಟಿದೆಯೆಂದು ಅಲ್ಲೇ ತೋರಿಸುತ್ತದೆ. ಅದನ್ನು ಖಾತ್ರಿ ಮಾಡಿಕೊಳ್ಳಲು ಮಣ್ಣು ಲ್ಯಾಬಿಗೂ ಹೋಗುತ್ತದೆ. ಶೆಡ್ಡಿನ ಬೇಲಿಯ ಹೊರಗೆ, ಸರ್ಕಾರಿ ದಾರಿಯಲ್ಲಿ, ಕೆರೆಯ ಏರಿಯಲ್ಲಿ, ಒಪ್ಪಿದವರ ಅಂಗಳದಲ್ಲಿ ತೆಗೆದೆ. ನಕ್ಷೆಗೆ ಬಣ್ಣ ತುಂಬಿದಾಗ ಕಡುಗೆಂಪು ಶೆಡ್ಡಿನ ಗೋಡೆಯಿಂದ ಹೊರಟು, ಗಾಳಿಯ ದಿಕ್ಕಿಗೆ ನಾಲಿಗೆಯಂತೆ ಚಾಚಿತ್ತು. ಮುಖ್ಯಸ್ಥರೂ ತಲೆದೂಗಿದರು.

ಇನ್ನೊಂದು ಸುತ್ತು ಬೇಕಿತ್ತು. ಮಳೆ ಬಂದು ಸೀಸ ಕೆರೆಗೂ ಬಾವಿಗೂ ಹರಿದದ್ದನ್ನು ತೋರಿಸಿದರೆ ಭಾವ ಬಿಡಿಸಿಕೊಳ್ಳಲಾರದ ಗಂಟು ಬೀಳುತ್ತಿತ್ತು. ಹಿಂದೆ ಯಾರೋ ದೂರು ಕೊಟ್ಟಾಗ ಅಧಿಕಾರಿಗಳು ಬಂದಿದ್ದರಂತೆ. ಅವರು ಬರುವ ಸುದ್ದಿ ಆತನಿಗೆ ಮೊದಲೇ ಸಿಕ್ಕಿ, ಶೆಡ್ಡಿನಲ್ಲಿ ಹುಲ್ಲು ತುಂಬಿಸಿ ತೋರಿಸಿದ್ದನಂತೆ. ಹಾಗಾಗಿ ಮಳೆಗಾಲ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿದ್ದು, ಆಮೇಲೆ ಒಂದೇ ಏಟು ಹಾಕುವುದು ನನ್ನ ಯೋಜನೆ. ಮೋಡ ಕಟ್ಟುವುದನ್ನೇ ಕಾಯುತ್ತಿದ್ದೆ.

ಮಳೆ ಬರುವ ಮುಂಚೆ ಆ ಊರಿನ ಆಶಾ ಕಾರ್ಯಕರ್ತೆ ಬಂದಳು. "ಮೇಡಂ, ಆ ಮನೆ ಸೊಸೆಗೆ ಮುಟ್ಟು ನಿಂತೈತೆ. ಉಳ್ಕಂಡ್ರೆ ಮನೇಲಿ ಯೋಳಣ ಅಂತ ಸುಮ್ಕವ್ಳೆ. ನಿಮ್ಗೆ ಮಾತ್ರ ಯೋಳು ಅಂದ್ಳು."

ಮುಖ್ಯಸ್ಥರ ಬಳಿ ಹೋದೆ. ಅವರು ಸಂಕೇತ ಬಿಚ್ಚಿ ಅವಳ ಅಂಕಿ ನೋಡಿದರು. ಬಸಿರಿಲ್ಲದವಳಾಗಿದ್ದರೆ ಕಾಯಬಹುದಾದ ಅಂಕಿ. ಬಸುರಿಗೆ ಹಾಗಲ್ಲ.

"ಇನ್ನೊಮ್ಮೆ ರಕ್ತ ತೆಗೆದು ಖಾತ್ರಿ ಮಾಡಿಕೊಂಡು ಹೇಳಬಹುದು," ಎಂದರು. "ಮುಂದಿನ ಸುತ್ತಿಗೆ ಹೇಗೂ ತೆಗೆಯುತ್ತೇವೆ. ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಈಗ ಹೇಳಿದರೆ ಆ ಮನುಷ್ಯ ಎಚ್ಚೆತ್ತುಕೊಳ್ಳುತ್ತಾನೆ. ಮಳೆಗಾಲದ ಮಣ್ಣು ನಿನಗೆ ಸಿಗುವುದಿಲ್ಲ."

ನಾನು ಬಯಸಿದ್ದನ್ನು ನಿಯಮವೇ ತಟ್ಟೆಯಲ್ಲಿಟ್ಟು ಕೊಟ್ಟಂತಿತ್ತು. ಕಾದರೆ ಯಾರೂ ನನ್ನನ್ನು ದೂರುವ ಹಾಗಿರಲಿಲ್ಲ. ಬಂಗಾರಪೇಟೆ ನಿಲ್ದಾಣದ ಬೆಂಚಿನ ಮೇಲೆ ಕೂತು, ಒಂದು ರೈಲನ್ನು ಹೋಗಗೊಟ್ಟು ಯೋಚಿಸಿದೆ. ಆ ಹುಡುಗಿಯ ಮೇಲೆ ನನಗೆ ಪ್ರೀತಿಯೇನೂ ಇರಲಿಲ್ಲ. ಅಕ್ಕನ ಮಂಚದ ಮೇಲೆ ಮಲಗುವವಳು ಅವಳು. ಆದರೆ ಇನ್ನೊಂದು ಬಸಿರು ಆ ಮನೆಯಲ್ಲಿ ಹೋದರೆ ಆ ಜನ ಅದನ್ನೂ ಹೆಂಗಸಿನ ತಲೆಗೇ ಕಟ್ಟುತ್ತಾರೆ. ಇವಳನ್ನೂ ಕಳಿಸಿ ಮೂರನೆಯವಳನ್ನು ತರುತ್ತಾರೆ. ಆತನಿಗೆ ಅನುಕೂಲವಾಗುವ ಸಾವೊಂದಕ್ಕಾಗಿ ನಾನು ಕಾಯುವುದಿಲ್ಲ ಎಂದು ತೀರ್ಮಾನಿಸಿದೆ. ಮುಖ್ಯಸ್ಥರಿಗೆ ಫೋನ್ ಮಾಡಿ ಹೇಳಿದೆ. "ಸರಿ," ಎಂದರು. ಅವರ ದನಿಯಲ್ಲಿ ಸಮಾಧಾನವಿತ್ತು.

ಬಸುರಿಯರ ತಪಾಸಣೆಯ ದಿನ ಬಂಗಾರಪೇಟೆಯ ಆಸ್ಪತ್ರೆಯಲ್ಲಿ, ವೈದ್ಯೆಯ ಎದುರಿಗೇ ಅವಳಿಗೆ ಎಲ್ಲ ತಿಳಿಸಿದೆವು. ಸುಣ್ಣದ ಮಾತ್ರೆ, ಕಬ್ಬಿಣದ ಮಾತ್ರೆ, ಊಟ, ಎಲ್ಲಕ್ಕಿಂತ ಮೊದಲು ಆ ಮನೆಯಿಂದ ದೂರ ಇರುವುದು. ಅವಳು ಸೆರಗಿನ ತುದಿ ಸುತ್ತುತ್ತ ಕೇಳಿಸಿಕೊಂಡಳು.

"ಅಂಗಾರೆ ತಪ್ಪು ನಂದಲ್ವಾ ಮೇಡಂ?"

"ನಿಂದು ಅಂತ ಹೇಳೋಕೆ ಯಾರಿಗೂ ಆಗಲ್ಲ."

"ನಿಮ್ಮಕ್ಕಂದೂ ಅಲ್ವಾ?"

ವೈದ್ಯೆ, "ನೀನೀಗ ನಿನ್ನ ಮಗು ನೋಡ್ಕೋಮ್ಮ," ಎಂದರು. ಅವಳು ಆಸ್ಪತ್ರೆಯಿಂದ ಗಂಡನ ಮನೆಗೆ ಹೋಗಲಿಲ್ಲ. ಬೂದಿಕೋಟೆ ಬಸ್ಸು ಹತ್ತಿ ತವರಿಗೆ ಹೋದಳು.

ಮುಖ್ಯಸ್ಥರು ಹೇಳಿದ್ದೇ ಆಯಿತು. ಮುಂದಿನ ಸಲ ನಾನು ಊರಿಗೆ ಹೋದಾಗ ಶೆಡ್ಡಿನ ಸುತ್ತ ಹೊಸ ಕೆಮ್ಮಣ್ಣು ಹಾಸಿತ್ತು. ಹಳೆಯ ಮಣ್ಣನ್ನು ಕೆತ್ತಿ ಟ್ರ್ಯಾಕ್ಟರಿನಲ್ಲಿ ಸಾಗಿಸಿದ್ದ. ಕರಗಿಸುವ ಒಲೆ ಇರಲಿಲ್ಲ. ಗೋಡೆಗೆ ಸುಣ್ಣ ಬಳಿದಿತ್ತು. ಉಪಕರಣ ನೆಲಕ್ಕೆ ಒತ್ತಿದರೆ ಏನೂ ಇಲ್ಲ ಎನ್ನುವಂಥ ಅಂಕಿ. ಮಳೆಗಾಲದ ಸುತ್ತು ನೀರು ಪಾಲಾಯಿತು. ಭಾವ ದಾರಿಗೆ ಅಡ್ಡ ನಿಂತ. ಹಿಂದೆ ಶೆಡ್ಡಿನ ಕೂಲಿಯವರೆಲ್ಲ ಇದ್ದರು.

"ನಮ್ಮನೆ ಮುರಿಯಕ್ಕೇ ಬಂದ್ಯಾ ನೀನು?" ಮೇಡಂ ಹೋಗಿತ್ತು. ಅವನು ಜನರ ಕಡೆ ತಿರುಗಿ, "ಅಕ್ಕನ ಸೇಡು ತೀರಿಸ್ಕಳಕ್ಕೆ ಬಂದವ್ಳೆ ಕಣ್ರಪ್ಪ. ನಾಳೆ ನಿಮ್ ಕೂಲಿಗೂ ಕಲ್ಲಾಕ್ತಾಳೆ," ಎಂದ.

ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನನ್ನ ಮೇಲೆ ಸಂಸ್ಥೆಗೆ ದೂರು ಹೋಯಿತು. ಊರನ್ನು ಆರಿಸಿದ್ದು ಚೀಟಿ, ರಕ್ತ ತೆಗೆದದ್ದು ಬೇರೆಯವರು, ಅಂಕಿ ನೋಡಿದ್ದು ಸಂಕೇತದಲ್ಲಿ ಎಂದು ಮುಖ್ಯಸ್ಥರು ವಿವರಿಸಿದ ಮೇಲೆ ದೂರು ಬಿದ್ದುಹೋಯಿತು. ಆದರೆ ಶೆಡ್ಡಿನ ವಿರುದ್ಧ ನನ್ನ ಬಳಿ ಉಳಿದದ್ದು ಅರ್ಧ ನಕ್ಷೆ. ಅಧಿಕಾರಿಯೊಬ್ಬರು ಅದನ್ನು ತಿರುಗಿಸಿ ನೋಡಿ, "ಈಗ ಅಲ್ಲಿ ಏನೂ ಇಲ್ವಲ್ಲಮ್ಮ," ಎಂದು ವಾಪಸ್ ಕೊಟ್ಟರು.

ಆತ ಮಣ್ಣು ಸಾಗಿಸಿದ್ದ. ಹಸುವನ್ನು ಸಾಗಿಸಿರಲಿಲ್ಲ.

ಅದು ನನಗೆ ಹೊಳೆದದ್ದು ಅವನ ಹಿತ್ತಲಿನ ಸೀಮೆ ಹಸು ಕೆರೆಯಂಗಳದ ಹುಲ್ಲು ಎಳೆಯುತ್ತಿದ್ದುದನ್ನು ನೋಡಿದಾಗ. ಹೆಂಗಸಿನ ಮೂಳೆಯಂತೆಯೇ ಹಸುವಿನ ಮೂಳೆ. ಹುಲ್ಲಿನಿಂದ ಅದಕ್ಕೆ ಸೇರಿದ ಸೀಸ ಹಾಲಿನಲ್ಲಿ ಇಳಿಯಲೇಬೇಕು. ಮನುಷ್ಯರ ರಕ್ತದ ಅಂಕಿಯನ್ನು ನಾನು ಯಾರ ಮುಂದೆಯೂ ಹೇಳುವಂತಿಲ್ಲ. ಹಾಲಿಗೆ ಆ ಮರ್ಯಾದೆಯಿಲ್ಲ. ಊರವರು ಡೈರಿಗೆ ಹಾಕಿದ ಹಾಲು ಊರೂರಿನ ಮಕ್ಕಳು ಕುಡಿಯುವ ಹಾಲು.

ಡೈರಿಯ ಸೆಕ್ರೆಟರಿ ಮೊದಲು ಹಿಂಜರಿದರು. "ಒಬ್ರ ಆಲು ಮಾತ್ರ ತಗಂಡ್ರೆ ಜಗಳ ಆಯ್ತದೆ ಮೇಡಂ."

"ಎಲ್ಲರದ್ದೂ ತಗೊಳ್ಳೋಣ. ನೀವೇ ತೆಗೆದು ಕೊಡಿ, ಸಂಕೇತ ನೀವೇ ಹಾಕಿ. ನನಗೆ ಗೊತ್ತಾಗೋದು ಬೇಡ."

ಲ್ಯಾಬಿನಲ್ಲಿ ಹೆಚ್ಚಿನ ಹಾಲು ಶುದ್ಧವಾಗಿತ್ತು. ಶೆಡ್ಡಿಗೆ ಅಂಟಿದ ಕೆಲವೇ ಮನೆಗಳ ಹಾಲಿನಲ್ಲಿ ಸೀಸವಿತ್ತು. ಸೆಕ್ರೆಟರಿ ಸಂಕೇತ ಬಿಚ್ಚಿದಾಗ ಎಲ್ಲಕ್ಕಿಂತ ಹೆಚ್ಚಿನದು ಯಾರದೆಂದು ತಿಳಿದು ನನಗೆ ಅಚ್ಚರಿಯಾಗಲಿಲ್ಲ. ಮೇಲಿನವರಿಗೆ ವರದಿ ಹೋಗಿ, ಆ ಮನೆಗಳ ಹಾಲು ತೆಗೆದುಕೊಳ್ಳಬಾರದೆಂದು ಡೈರಿಗೆ ಸೂಚನೆ ಬಂತು.

ಆ ಬೆಳಿಗ್ಗೆ ನಾನು ಅಲ್ಲಿಗೆ ಹೋಗಬೇಕಾದ ಕೆಲಸವೇನೂ ಇರಲಿಲ್ಲ. ನೋಡಬೇಕೆಂದೇ ಹೋದೆ. ಸಾಲಿನಲ್ಲಿ ಅಕ್ಕನ ಹಳೆಯ ಅತ್ತೆ ಕ್ಯಾನು ಹಿಡಿದು ನಿಂತಿದ್ದಳು. ಅವಳ ಸರದಿ ಬಂದಾಗ ಸೆಕ್ರೆಟರಿ ಅಳತೆಯ ಪಾತ್ರೆಯನ್ನು ಹಿಂದಕ್ಕೆ ಎಳೆದುಕೊಂಡು, "ನಿಮ್ದು ಬ್ಯಾಡ ಅಜ್ಜಿ," ಎಂದರು.

"ಯಾಕಪ್ಪ, ನೀರ್ ಬೆರ್ಸಿದೀನಾ?"

"ನೀರಲ್ಲ ಅಜ್ಜಿ. ಸೀಸ ಐತಂತೆ."

ಸಾಲಿನಲ್ಲಿದ್ದವರು ತಮ್ಮ ಕ್ಯಾನುಗಳನ್ನು ಅವಳ ಕ್ಯಾನಿನಿಂದ ಒಂದಿಷ್ಟು ಸರಿಸಿಕೊಂಡರು. ಅವಳು ಹಾಲನ್ನು ಚರಂಡಿಗೆ ಚೆಲ್ಲಿ, ಯಾರನ್ನೂ ನೋಡದೆ ನಡೆದುಹೋದಳು. ನನಗೆ ಹೊಟ್ಟೆ ತಣ್ಣಗಾಯಿತು. ಅಷ್ಟು ತಣ್ಣಗಾದದ್ದನ್ನು ನಾಗರಿಕವಾದ ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ.

ಊರು ತಿರುಗಿದ್ದು ಅಲ್ಲಿಂದ. ನಿಮ್ಮ ರಕ್ತದಲ್ಲಿ ಸೀಸವಿದೆ ಎಂದು ಒಬ್ಬೊಬ್ಬರಿಗೇ ತಿಳಿಸಿದಾಗ ನಂಬದವರು ಹಾಲು ವಾಪಸ್ಸಾದಾಗ ನಂಬಿದರು. ಆತನಿಂದಾಗಿ ಹಾಲು ಕಳೆದುಕೊಂಡ ಪಕ್ಕದ ಮನೆಯವರೇ ಅಧಿಕಾರಿಗಳನ್ನು ಕರೆದುಕೊಂಡು ಹೋಗಿ, ಮಣ್ಣು ಸುರಿದಿದ್ದ ಹಳೆಯ ಕಲ್ಲುಕ್ವಾರಿಯ ಗುಂಡಿಯನ್ನೂ, ಒಲೆ ಬಚ್ಚಿಟ್ಟಿದ್ದ ನೀಲಗಿರಿ ತೋಪನ್ನೂ ತೋರಿಸಿದರು. ನನ್ನ ಅರ್ಧ ನಕ್ಷೆಗೆ ಬೆಲೆ ಬಂತು. ಶೆಡ್ಡಿಗೆ ಬೀಗ ಬಿತ್ತು, ಆತನ ಮೇಲೆ ಮೊಕದ್ದಮೆ ನಡೆಯುತ್ತಿದೆ. ಕೂಲಿ ಕಳೆದುಕೊಂಡವರು ಈಗಲೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಅವರ ಸಿಟ್ಟು ನ್ಯಾಯವಾದದ್ದೇ.

ತವರಿನಲ್ಲಿದ್ದ ಹುಡುಗಿಯ ರಕ್ತ ಮತ್ತೆ ತೆಗೆಯಲು ಹೋದಾಗ ಅವಳು ತೋಳು ಚಾಚಿಯೇ ಕೇಳಿದಳು.

"ಆ ಅಸ ನಂದು ಮೇಡಂ. ಇಲ್ಲಿಂದ ನಮ್ಮಪ್ಪ ಕೊಟ್ಟಿದ್ದು. ನಿಮ್ಗೆ ಗೊತ್ತಿತ್ತಾ?"

"ಇಲ್ಲ."

"ಗೊತ್ತಿದ್ರೆ ಬಿಡ್ತಿದ್ರಾ?"

"ಇಲ್ಲ," ಎಂದೆ.

ಅವಳು ತಲೆಯಾಡಿಸಿದಳು, ಬೇರೆ ಉತ್ತರ ಕೊಟ್ಟಿದ್ದರೆ ನಂಬುತ್ತಿರಲಿಲ್ಲ ಎನ್ನುವ ಹಾಗೆ. ಹಸುವನ್ನು ಅವಳ ಅಣ್ಣ ತವರಿಗೆ ಹೊಡೆದುಕೊಂಡು ಬಂದ. ಬೇರೆ ಮೇವು ತಿಂದು ಅದರ ಹಾಲು ನಿಧಾನವಾಗಿ ಶುದ್ಧವಾಯಿತು. ಅವಳ ರಕ್ತದಲ್ಲೂ ಸೀಸ ಇಳಿಯುತ್ತ ಬಂತು. ಹೆಣ್ಣು ಮಗು ಹುಟ್ಟಿತು, ತೂಕ ಕಡಿಮೆ, ಆದರೆ ಉಳಿಯಿತು. ಇದನ್ನೆಲ್ಲ ಬರೆಯಲು ಅವಳು ಒಪ್ಪಿದ್ದಾಳೆ.

ಗಂಡ ಕರೆಯಲು ಹೋದಾಗ ಅವಳು ಬರುವುದಿಲ್ಲವೆಂದಳಂತೆ. "ನಂಗೆ ಸೂಜಿ ಚುಚ್ಚಿದ್ದಾಯ್ತು, ಮಗೀಗೆ ಚುಚ್ಚಿದ್ದಾಯ್ತು, ಅಸೂನ್ ಆಲೂ ನೋಡಿದ್ದಾಯ್ತು. ನೀನೊಬ್ನೇ ಬಾಕಿ."

ಆತ ಪರೀಕ್ಷೆಗೆಂದು ನಮ್ಮ ತಂಡದ ಬಂಗಾರಪೇಟೆಯ ಕೋಣೆಗೆ ಬಂದ. ಮೊದಲ ಸಲ ಊರಿನ ಗಂಡಸರಲ್ಲಿ ವೀರ್ಯ ಪರೀಕ್ಷೆಗೆ ಒಪ್ಪದಿದ್ದವರಲ್ಲಿ ಆತನೂ ಒಬ್ಬ. ಕೆಲವು ದಿನ ಹೆಂಡತಿಯಿಂದ ದೂರವಿದ್ದು ಬರಬೇಕೆಂದು ಸಹೋದ್ಯೋಗಿ ವಿವರಿಸಲು ಹೋದರೆ, "ತಿಂಗ್ಳುಗಟ್ಲೆ ದೂರಾನೇ ಅವ್ನಿ," ಎಂದ. ಬೆಚ್ಚಗಿನ ಗಾಜಿನ ಮೇಲೆ ಹನಿ ಇಟ್ಟು, ಚೌಕ ಎಳೆದ ಗಾಜಿನಲ್ಲಿ ಎಣಿಸಿದವಳು ಸಹೋದ್ಯೋಗಿ, ಹೆಸರಿಲ್ಲದ ಸಂಕೇತದಡಿ. ಎಣಿಕೆ ಕಡಿಮೆಯಿತ್ತು. ಇದ್ದವೂ ಜಾಗದಲ್ಲೇ ನಡುಗುತ್ತಿದ್ದವು, ಮುಂದೆ ಈಜುತ್ತಿರಲಿಲ್ಲ. ಡಿಎನ್‌ಎ ಬಹುಪಾಲು ಮುರಿದಿತ್ತು. ಹೊಸ ವೀರ್ಯಾಣು ತಯಾರಾಗಲು ಎರಡು ಮೂರು ತಿಂಗಳು ಬೇಕು, ಹಾಗಾಗಿ ಸ್ವಲ್ಪ ಕಾಲ ಬಿಟ್ಟು ಮತ್ತೆ ಪರೀಕ್ಷಿಸಿದೆವು. ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಆತನ ಫಲಿತಾಂಶವನ್ನು ಇಲ್ಲಿ ಬರೆಯುವ ಹಕ್ಕು ನನಗೆ ಹೇಗೆ ಬಂತೆಂದು ಓದುಗರಿಗೆ ಮುಂದೆ ತಿಳಿಯುತ್ತದೆ.

ಫಲಿತಾಂಶವನ್ನು ನನ್ನ ಬಾಯಿಂದಲೇ ಕೇಳುತ್ತೇನೆಂದು ಆತ ಹಟ ಹಿಡಿದ. ಮುಖ್ಯಸ್ಥರು ನನ್ನನ್ನು ಹೊರಗೆ ಕರೆದು, "ನಿನಗೆ ಆಗುತ್ತದೆಯೇ?" ಎಂದು ಕೇಳಿದರು. ಆಗುತ್ತದೆ ಎಂದೆ. ಎಲ್ಲರಿಗೂ ಹೇಳುವ ಕ್ರಮದಲ್ಲೇ, ಎಲ್ಲರಿಗೂ ಹೇಳುವ ಮಾತುಗಳಲ್ಲೇ ಹೇಳಿದೆ.

ಆತ ಕೇಳಿದ, "ಆವಾಗ್ಲೂ ಇಂಗೇ ಇತ್ತಾ? ನಿಮ್ಮಕ್ಕ ಇದ್ದಾಗ?"

"ಆವಾಗಿಂದು ನನಗೆ ಗೊತ್ತಿಲ್ಲ. ಆವಾಗ ನೀವು ಪರೀಕ್ಷೆ ಮಾಡಿಸ್ಕೊಳ್ಳಲಿಲ್ಲ. ಅವಳನ್ನ ಕಳಿಸಿದ್ರಿ."

"ಆಯಮ್ಮಂಗೆ ಇದು ಯೋಳ್ಬೇಡಿ ಮೇಡಂ."

"ನಾನು ಹೇಳಂಗಿಲ್ಲ. ನನ್ನ ಬಾಯಿಂದ ಅವಳಿಗೆ ಯಾವತ್ತೂ ಗೊತ್ತಾಗಲ್ಲ."

ಆತನ ಮುಖದಲ್ಲಿ ನಿರಾಳ ಕಂಡಿತು. ಅದನ್ನು ನೋಡಿಕೊಂಡು ಕೂರಬೇಕಾದದ್ದೇ ಇಡೀ ಕೆಲಸದಲ್ಲಿ ನನಗೆ ಅತಿ ಕಷ್ಟವಾದ ಭಾಗ. ಅಕ್ಕ ಇಷ್ಟು ವರ್ಷ ಕಾದ ಒಂದೇ ಮಾತು ನನ್ನ ಬಾಯಲ್ಲಿತ್ತು, ಮತ್ತು ನನ್ನ ಬಾಯಿಗೆ ಬೀಗವಿತ್ತು. "ಹೇಳೋಕೆ ನಿಮಗೆ ಯಾವ ಅಡ್ಡೀನೂ ಇಲ್ಲ," ಎಂದಷ್ಟೇ ಹೇಳಿದೆ.

ಆತ ಹೇಳುತ್ತಿರಲಿಲ್ಲ, ಬಲ್ಲೆ. ಹೇಳಿಸಿದವಳು ಅವನ ಹೆಂಡತಿ. ಫಲಿತಾಂಶ ಏನೆಂದು ಕೇಳಿದಳಂತೆ, ಕೇಳಿ ಮಗುವನ್ನು ಅವನ ಕೈಗೆ ಕೊಡದೆ, "ಮೊದ್ಲು ಆಯಮ್ಮಂಗೆ ಯೋಳ್ಬುಟ್ಟು ಬಾ. ಆಮ್ಯಾಕೆ ನಮ್ಮಿಬ್ರನ್ನ ಕರ್ಕಂಡೋಗು," ಎಂದಳಂತೆ. ಆತ ನನಗೆ ಫೋನ್ ಮಾಡಿ, ಅಕ್ಕ ಎಲ್ಲಿ ಸಿಗುತ್ತಾಳೆ ಎಂದು ಕೇಳಿದ. ಅಕ್ಕನನ್ನೇ ಕೇಳಿದೆ. ಭಾವ ಏನೋ ಮಾತಾಡಬೇಕಂತೆ ಎಂದಷ್ಟೇ ಹೇಳಿದೆ. "ಮನೆಗೆ ಬ್ಯಾಡ, ಟೇಸನ್‌ಗೆ ಬರಕ್ಕೇಳು," ಎಂದಳು.

ಉರಿಗಾಂ ನಿಲ್ದಾಣದಲ್ಲಿ ಆ ಸಂಜೆ ಆತ ನನಗಿಂತ ಮೊದಲೇ ಬಂದು ನಿಂತಿದ್ದ. ನಾನು ದೂರದ ಬೆಂಚಿನಲ್ಲಿ ಕೂತೆ. ರೈಲು ಬಂತು. ಅಕ್ಕ ತನ್ನ ಜೊತೆಯ ಗಾರ್ಮೆಂಟ್ಸ್ ಹೆಂಗಸರ ಗುಂಪಿನಲ್ಲಿ ಇಳಿದಳು. ಗುಂಪು ಮುಂದೆ ಹೋಯಿತು, ಅವಳು ಆತನ ಮುಂದೆ ನಿಂತಳು. ರೈಲು ಮಾರಿಕುಪ್ಪಂ ಕಡೆಗೆ ಹೊರಟುಹೋದ ಮೇಲೆ ಆತನ ದನಿ ನನಗೂ ಕೇಳಿಸಿತು.

"ನಿನ್ನ ಮ್ಯಾಲೆ ಆಕಿದ್ದು ಸುಳ್ಳು. ದೋಷ ನಂದೇ ಇತ್ತು. ಬ್ಯಾಟ್ರಿ ಸೀಸದ್ದು. ಪರೀಕ್ಷೇಲಿ ಗೊತ್ತಾಯ್ತು."

ವಿಜ್ಞಾನದ ಪ್ರಕಾರ ಅದು ಪೂರ್ತಿ ಸರಿಯಾದ ವಾಕ್ಯವಲ್ಲ. ಎದ್ದುಹೋಗಿ ತಿದ್ದುವ ಮನಸ್ಸು ನನಗೆ ಬರಲಿಲ್ಲ.

ಅಕ್ಕ ಊಟದ ಚೀಲವನ್ನು ಕೆಳಗಿಟ್ಟು, ಮುಂದೆ ಹೋಗುತ್ತಿದ್ದ ಹೆಂಗಸರನ್ನು ಕೂಗಿದಳು. "ಏಯ್, ಒಸಿ ಬನ್ರೇ ಇಲ್ಲಿ." ಅವರು ತಿರುಗಿ ಬಂದು ಸುತ್ತ ನಿಂತರು. ಒಬ್ಬಳು ತಮಿಳಿನಲ್ಲಿ, "ಯಾರುಕ್ಕಾ ಇದು?" ಎಂದು ಕೇಳಿದಳು.

"ನನ್ನ ಗಂಡ ಆಗಿದ್ದೋನು," ಎಂದಳು ಅಕ್ಕ. ಆಮೇಲೆ ಆತನ ಕಡೆ ತಿರುಗಿದಳು.

"ಈಗ ಯೋಳು."

ಆತ ಮೊದಲಿನಿಂದ ಹೇಳಿದ.